ಕಣ್ಣಂಚಿನ ಕುಣಿಕೆ ಹುಡುಕುವ ನೆಮೆಸಿಯಾ

ಬೆಳಗಿನ ಐದೂವರೆ. ಒರೂರೊ ಪಟ್ಟಣದಲ್ಲಿ, ಗಣಿಯವರನ್ನು ಕಾಯುವ ಸೊಕಾವೊನ್ ಮಾತೆಯ ಚರ್ಚಿನ ಬಾಗಿಲ ಪಕ್ಕ ನೆಮೆಸಿಯಾ ವಾರಾಚಿ ನಿಂತಿದ್ದಾರೆ. ಕೈಯಲ್ಲಿ ಬೆರಳು ಗಾತ್ರದ ಟಾರ್ಚು. ಶನಿವಾರ ಬೆಳಿಗ್ಗೆ ಹೊರಟ ಕಾರ್ನಿವಾಲ್ ಮೆರವಣಿಗೆಯ ಬಾಲ ಈಗ ಇಲ್ಲಿಗೆ ಮುಟ್ಟುತ್ತಿದೆ. ಕೆಳಗಿನ ಚೌಕದಲ್ಲಿ ಸೂರ್ಯನನ್ನು ಎಬ್ಬಿಸಲೆಂದು ಸೇರಿರುವ ವಾದ್ಯದವರು ಕೆನ್ನೆ ಉಬ್ಬಿಸಿ ಊದುತ್ತಿದ್ದಾರೆ. ದೊಡ್ಡ ಡೋಲಿನ ಒಂದೊಂದು ಪೆಟ್ಟಿಗೂ ಮೆಟ್ಟಿಲ ಕಲ್ಲು ಅಂಗಾಲಿನಡಿ ಝುಮ್ಮೆನ್ನುತ್ತದೆ. ನಾಲ್ಕು ಕಿಲೋಮೀಟರು ಕುಣಿದು ಬಂದ ದೆವ್ವ, ಕರಡಿಗಳ ವೇಷದವರು ಬಾಗಿಲಿಗೆ ಬಂದೊಡನೆ ಮೊಣಕಾಲೂರಿ ಮುಖವಾಡ ಕಳಚುತ್ತಾರೆ. ಮಾತೆಯ ಮುಂದೆ ಮುಖ ಮುಚ್ಚಿಕೊಂಡು ಹೋಗುವಂತಿಲ್ಲ. ಮುಖವಾಡ ಕೆಳಗಿಳಿಯುವುದಕ್ಕೂ ಅಳು ಶುರುವಾಗುವುದಕ್ಕೂ ನಡುವೆ ಎರಡು ಸೆಕೆಂಡು ಸಿಗುತ್ತದೆ. ಆ ಎರಡು ಸೆಕೆಂಡು ನೆಮೆಸಿಯಾ ಅವರದು. ಟಾರ್ಚು ಹೊತ್ತಿಸಿ, ಕಣ್ಣಿನಲ್ಲಿ ಮೂಗಿನ ಕಡೆಯ ಮೂಲೆಯನ್ನು ನೋಡುತ್ತಾರೆ. ಇಲ್ಲ. ಮುಂದಿನವರು.

“ಏನ್ ದೋನ್ಯಾ ನೆಮೆ, ಗಂಡು ಹುಡುಕ್ತಾ ಇದೀಯಾ?” ಮೆಟ್ಟಿಲ ಬುಡದಲ್ಲಿ ನೇರಳೆ ಜೋಳದ ಬಿಸಿ ಆಪಿಯ ಹಂಡೆ ಇಟ್ಟುಕೊಂಡು ಕುಳಿತ ಕಾಸಿಮಿರಾ ಗೌರವದ ‘ದೋನ್ಯಾ’ ಸೇರಿಸಿಯೇ ಛೇಡಿಸಿ ಕೂಗುತ್ತಾರೆ.

“ಹೂಂ, ಗಂಡೇ. ಐವತ್ತೊಂದು ವರ್ಷದ್ದು. ಎಡಗಣ್ಣಲ್ಲಿ ನಮ್ಮ ನಳಿಕೆ ಇಟ್ಕೊಂಡು ಎರಡೂವರೆ ವರ್ಷದಿಂದ ತಪ್ಪಿಸ್ಕೊಂಡು ತಿರುಗ್ತಾ ಇದೆ.”

“ಸಿಕ್ರೆ ನಂಗೂ ತೋರ್ಸು. ಚೆನ್ನಾಗಿದ್ರೆ ನಾನೇ ಇಟ್ಕೋತೀನಿ.”

ಹುಡುಕುತ್ತಿರುವ ಗಂಡಿನ ಹೆಸರು ಎವಾರಿಸ್ತೊ ತೊಲಾ. ವನುನಿಯ ತವರದ ಗಣಿಯಲ್ಲಿ ಕೆಲಸ. ಎರಡೂವರೆ ವರ್ಷದ ಹಿಂದೆ ನೆಮೆಸಿಯಾ ಕೆಲಸ ಮಾಡುವ, ಬಸ್ ನಿಲ್ದಾಣದ ಹಿಂದಿನ ಸಣ್ಣ ಚಿಕಿತ್ಸಾಲಯದಲ್ಲಿ ಅವನ ಎಡಗಣ್ಣಿನಿಂದ ಮೂಗಿಗೆ ಇಳಿಯುವ, ಕಟ್ಟಿಹೋಗಿದ್ದ ಕಣ್ಣೀರಿನ ದಾರಿ ಬಿಡಿಸಿ, ಅದು ಮತ್ತೆ ಮುಚ್ಚಿಕೊಳ್ಳದಿರಲೆಂದು ಸಿಲಿಕೋನಿನ ಎಳೆಯಂಥ ನಳಿಕೆಯೊಂದನ್ನು ಇಟ್ಟರು. ಹೃದಯಕ್ಕೆ ಹಾಕುವ ಸ್ಟೆಂಟ್ ಜೀವಮಾನವಿಡೀ ಇರುತ್ತದೆ. ಕಣ್ಣೀರಿನ ದಾರಿಯದು ಹಾಗಲ್ಲ. ಮೂರು ತಿಂಗಳಿಗೆ ತೆಗೆಯಬೇಕು. ಬಿಟ್ಟರೆ ಕೀವು ಹಿಡಿಯಬಹುದು, ರೆಪ್ಪೆಯ ಮೂಲೆ ಸೀಳಬಹುದು. ದಾರಿ ತೆರೆಯಲು ಇಟ್ಟದ್ದೇ ಸುತ್ತ ಮಾಂಸ ಬೆಳೆಸಿಕೊಂಡು ದಾರಿ ಮುಚ್ಚಲೂಬಹುದು. ಎವಾರಿಸ್ತೊ ಬರಲೇ ಇಲ್ಲ. ಹೀಗೆ ಬಾರದೆ ಉಳಿದವರು ಒಟ್ಟು ಹತ್ತೊಂಬತ್ತು. ಹದಿನೆಂಟು ಮಂದಿಯನ್ನು ನೆಮೆಸಿಯಾ ಹಿಡಿದು ತಂದಾಗಿದೆ. ಉಳಿದಿರುವುದು ಈ ಒಂದು ಕಣ್ಣು.

ಅವನ ಹಳೆಯ ಫೋನು ಸತ್ತಿದೆ, ಮನೆ ಬದಲಾಗಿದೆ. ಹೋದ ತಿಂಗಳು ವನುನಿಗೆ ಹೋಗಿ ನಾಲ್ಕು ಬೀದಿ ಅಲೆದಾಗ ಅವನ ನಾದಿನಿ ಸಿಕ್ಕಳು. ಅವಳು ಹೇಳಿದ್ದು ಇಷ್ಟೇ: “ಮಾತೆಗೆ ಮೂರು ವರ್ಷ ಕುಣೀತೀನಿ ಅಂತ ಹರಕೆ ಹೊತ್ತಿದಾನೆ. ಇದು ಮೂರನೇದು. ದೆವ್ವದ ವೇಷ.” ದೆವ್ವದ ವೇಷದವರು ಈ ಊರಲ್ಲಿ ಸಾವಿರಗಟ್ಟಲೆ. ಎಲ್ಲರಿಗೂ ಅದೇ ಕೊಂಬು, ಅದೇ ಗಾಜಿನ ಗುಡ್ಡೆಗಣ್ಣು. ಆದರೆ ಎಲ್ಲರೂ ಮುಖವಾಡ ತೆಗೆಯುವ ಜಾಗ ಒಂದೇ ಒಂದು. ನಿನ್ನೆ ಬೆಳಿಗ್ಗೆ ಹತ್ತಕ್ಕೆ ನೆಮೆಸಿಯಾ ಅಲ್ಲಿಗೆ ಬಂದು ನಿಂತವರು. ಮಧ್ಯೆ ಎರಡು ಲೋಟ ಆಪಿ, ಒಂದು ಕರಿದ ಕಡುಬು, ಚರ್ಚಿನ ಕಟ್ಟೆಗೆ ಒರಗಿ ಮೂರು ತಾಸಿನ ತೂಕಡಿಕೆ. ಆಗ ಟಾರ್ಚು ಕಾಸಿಮಿರಾ ಕೈಯಲ್ಲಿತ್ತು.

ಇದು ಅವರ ನೌಕರಿಯ ಭಾಗವಲ್ಲ. ನೌಕರಿ ಮಂಗಳವಾರ, ಗುರುವಾರ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ.

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ನಲವತ್ತೆರಡು ಸಲಕರಣೆಗಳನ್ನು ಒಂದೊಂದಾಗಿ ಎಣಿಸಿ ಜೋಡಿಸುತ್ತಾರೆ. ಎಂಡೋಸ್ಕೋಪಿನ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಏಳೂವರೆಗೆ ಡಾ. ಮಾರ್ಸೆಲಾ ಇರಿಯಾರ್ತೆ ಬರುತ್ತಾರೆ. ಹಿಂದೆಲ್ಲ ಮೂಗಿನ ಪಕ್ಕದ ಚರ್ಮ ಕೊಯ್ದು ಕಣ್ಣೀರಿನ ಚೀಲವನ್ನು ಹುಡುಕುತ್ತಿದ್ದರು, ಮುಖದ ಮೇಲೆ ಗೀಟು ಉಳಿಯುತ್ತಿತ್ತು. ಈಗ ಮೂಗಿನ ಹೊಳ್ಳೆಯೊಳಗಿಂದಲೇ ಹೋಗುತ್ತಾರೆ. ಎಲ್ಲರ ಕಣ್ಣೂ ಪರದೆಯ ಮೇಲೆ. ಡಾಕ್ಟರು ತೆಳು ಎಲುಬನ್ನು ಚೂರುಚೂರಾಗಿ ಕಡಿದು ತೆಗೆದು, ಹಿಂದೆ ಅಡಗಿರುವ ಚೀಲಕ್ಕೆ ಮೊನೆ ತಾಗಿಸುತ್ತಾರೆ. ವರ್ಷಗಟ್ಟಲೆ ಕಟ್ಟಿನಿಂತ ಹಳದಿ ಕೀವು ಒಡ್ಡು ಒಡೆದ ಹಾಗೆ ನುಗ್ಗುತ್ತದೆ.

“ಬಂತು! ಬಂತು!” ಎಂದು ನೆಮೆಸಿಯಾ ಕೂಗುತ್ತಾರೆ. ಒಂಬತ್ತು ವರ್ಷವಾಯಿತು, ಇವತ್ತಿಗೂ ಕೂಗುತ್ತಾರೆ. ಅರಿವಳಿಕೆ ಕೊಡುವ ವೈದ್ಯರು ಮೊದಮೊದಲು ಗದರುತ್ತಿದ್ದರು. ಈಗ ನೆಮೆಸಿಯಾ ಕೂಗದಿದ್ದರೆ ಏನಾಯಿತು ಎಂದು ತಿರುಗಿ ನೋಡುತ್ತಾರೆ.

ಆಮೇಲೆ ನಳಿಕೆ. ಮೇಲು ರೆಪ್ಪೆ, ಕೆಳ ರೆಪ್ಪೆಗಳ ಮೂಲೆಯಲ್ಲಿರುವ ಸೂಜಿಮೊನೆಯಷ್ಟರ ರಂಧ್ರಗಳಿಂದ ಅದರ ಎರಡು ತುದಿಗಳನ್ನು ಒಳಬಿಟ್ಟು, ಹೊಸದಾಗಿ ತೆರೆದ ಕಿಂಡಿಯ ಮೂಲಕ ಮೂಗಿಗೆ ಇಳಿಸಿ, ಅಲ್ಲಿ ಗಂಟು ಹಾಕುತ್ತಾರೆ. ಕಣ್ಣಂಚಿನಲ್ಲಿ ಉಳಿಯುವುದು ಹೊಳೆಯುವ ಪುಟ್ಟ ಕುಣಿಕೆ. ಡಾಕ್ಟರ ಕಣ್ಣು ಪರದೆಯ ಮೇಲೆ, ಕೈ ಮೂಗಿನಲ್ಲಿ. ಕುಣಿಕೆ ಅವರಿಗೆ ಕಾಣುವುದಿಲ್ಲ. ಅದನ್ನು ನೋಡುವವರು ನೆಮೆಸಿಯಾ. ಒಂದು ಸಣ್ಣ ಕೊಕ್ಕೆಯನ್ನು ಕುಣಿಕೆಯೊಳಗೆ ತೂರಿಸಿ, ಡಾಕ್ಟರು ಗಂಟು ಬಿಗಿಯುವಷ್ಟು ಹೊತ್ತು ಉಸಿರು ಹಿಡಿದು ನಿಲ್ಲುತ್ತಾರೆ.

“ಜಾಸ್ತಿ ಎಳೆದ್ರೆ, ಬೇಯಿಸಿದ ಮೊಟ್ಟೆನ ದಾರದಲ್ಲಿ ಕೊಯ್ತಾರಲ್ಲ, ಹಂಗೆ ರೆಪ್ಪೆ ಕೊಯ್ಕೊಂಡು ಹೋಗುತ್ತೆ. ಸಡಿಲ ಬಿಟ್ರೆ ಕುಣಿಕೆ ಜಾರಿ ಕಣ್ಣುಗುಡ್ಡೆ ಉಜ್ಜುತ್ತೆ,” ಎಂದು ನೆಮೆಸಿಯಾ ಹೇಳುತ್ತಾರೆ. “ಸಾಕು ಅನ್ನೋದು ನನ್ನ ಬೆರಳಿಗೆ ಗೊತ್ತಾಗುತ್ತೆ. ಗೊತ್ತಾದ ತಕ್ಷಣ ‘ನಿಲ್ಸಿ’ ಅಂತೀನಿ. ಡಾಕ್ಟರಮ್ಮ ನಿಲ್ಲಿಸ್ತಾರೆ.”

ಡಾ. ಮಾರ್ಸೆಲಾ ಅದನ್ನು ಒಪ್ಪುತ್ತಾರೆ. “ಬೇರೆಯವರು ಕೊಕ್ಕೆ ಹಿಡಿದ ದಿನ ನನಗೆ ಧೈರ್ಯ ಸಾಲಲ್ಲ. ಎರಡು ಸಲ ತಲೆಯೆತ್ತಿ ನೋಡ್ತೀನಿ. ಇವರಿದ್ರೆ ನೋಡೋದೇ ಇಲ್ಲ.”

ಈ ಬೆರಳು ತಯಾರಾದದ್ದು ಕಸೂತಿಯ ಬೀದಿಯಲ್ಲಿ. ದೆವ್ವದ ವೇಷದ ಮೇಲಂಗಿಗೆ ಜರಿ, ಮಣಿ, ಹಾವು, ಕಪ್ಪೆ ಹೊಲಿಯುವ ಮನೆತನ. ಏಳನೇ ವಯಸ್ಸಿಗೆ ಸೂಜಿ ಹಿಡಿದ ನೆಮೆಸಿಯಾ ಮೂವತ್ತಾರರವರೆಗೆ ಬಿಡಲಿಲ್ಲ. ಗಂಡ ಫೆರ್ಮಿನ್ ಗಣಿಯ ದೂಳು ನುಂಗಿ ಶ್ವಾಸಕೋಶ ಕಲ್ಲಾಗಿ ಸತ್ತರು. ಕಸೂತಿಯ ಕೆಲಸ ಕಾರ್ನಿವಾಲಿಗೆ ಮುಂಚಿನ ಆರು ತಿಂಗಳು ಮಾತ್ರ, ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ಹನ್ನೆರಡು ತಿಂಗಳು. ಚಿಕಿತ್ಸಾಲಯಕ್ಕೆ ನೆಲ ಒರೆಸಲು ಸೇರಿದರು. ಒಂದು ದಿನ ಹರಿದುಹೋಗಿದ್ದ ಶಸ್ತ್ರಚಿಕಿತ್ಸೆಯ ಹೊದಿಕೆಯನ್ನು ಹೊಲಿದು ಮಡಚಿಟ್ಟರು. ಆಗಿನ ಹಿರಿಯ ಡಾಕ್ಟರು ಹೊಲಿಗೆ ಎಲ್ಲಿದೆ ಎಂದು ಹುಡುಕಿದರು, ಸಿಗಲಿಲ್ಲ. ಆ ವಾರವೇ ಸಹಾಯಕ ದಾದಿಯ ತರಬೇತಿಗೆ ಹೆಸರು ಬರೆಸಿದರು. ನೆಮೆಸಿಯಾ ತಮ್ಮ ಮಕ್ಕಳ ವಯಸ್ಸಿನವರ ಜೊತೆ ಹಿಂದಿನ ಬೆಂಚಿನಲ್ಲಿ ಕೂತು ಪಾಸಾದರು. ಈಗ ಐವತ್ತೆರಡು. ಕೆಲಸ ಇವತ್ತಿಗೂ ಕಾಯಂ ಆಗಿಲ್ಲ, ಪ್ರತಿ ಡಿಸೆಂಬರಿನಲ್ಲಿ ಹೊಸದಾಗಿ ಸಹಿ ಹಾಕಬೇಕು. ಎಂಡೋಸ್ಕೋಪ್ ತೊಳೆಯುವ ದ್ರಾವಣಕ್ಕೆ ಬೆರಳ ಸಂದಿ ಒಡೆದಿದೆ. ಮಂಗಳವಾರದ ಹಿಂದಿನ ದಿನ ಕೈಗೆ ಕುರಿಯ ಕೊಬ್ಬು ಸವರಿಕೊಂಡು ಮಲಗುತ್ತಾರೆ.

ತಪ್ಪು ನಡೆದದ್ದು ಈ ಜಾಣ ಕೈಯಿಂದಲ್ಲ, ಬಾಯಿಂದ.

ಕಣ್ಣೊಳಗೆ ರಬ್ಬರು ಹಾಕುತ್ತಾರೆ ಎಂದರೆ ಯಾರಿಗಾದರೂ ದಿಗಿಲು. ಮೇಜಿನ ಮೇಲೆ ಮಲಗಿದವರು ಎದ್ದು ಕೂರುತ್ತಿದ್ದರು. ಹೆದರಿದವರ ಕೈ ಹಿಡಿದು ನೆಮೆಸಿಯಾ ಒಂದು ಮಾತು ಹೇಳುತ್ತಿದ್ದರು: “ಹೆದರ್ಬೇಡ ತಾಯಿ, ಇದು ಡಾಕ್ಟರಮ್ಮನ ಎಡಹುರಿ ಅಷ್ಟೇ.” ಎಡಹುರಿ ಎಂದರೆ ಎಡಗಡೆಗೆ ಹೊಸೆದ ಉಣ್ಣೆಯ ದಾರ. ಬಾಣಂತಿಗೆ, ಜ್ವರ ಬಂದ ಮಗುವಿಗೆ, ಗಣಿಗೆ ಇಳಿಯುವವನಿಗೆ ಮನೆಯ ಹೆಂಗಸರು ಮಣಿಕಟ್ಟಿಗೆ ಕಟ್ಟುತ್ತಾರೆ. ಕೆಟ್ಟದ್ದು ಒಳಗೆ ಬರುವುದಿಲ್ಲ ಎಂಬ ಧೈರ್ಯ. ಆ ಮಾತು ಕೇಳಿದ್ದೇ ಜನ ತಣ್ಣಗೆ ಮಲಗುತ್ತಿದ್ದರು. ಎಂಟು ವರ್ಷ ಅದು ಅರಿವಳಿಕೆಗಿಂತ ಚೆನ್ನಾಗಿ ಕೆಲಸ ಮಾಡಿತು.

ಹೋದ ಏಪ್ರಿಲಿನಲ್ಲಿ ಆಪಿಯ ಕಾಸಿಮಿರಾ ಬಲಗಣ್ಣು ತೋರಿಸಲು ಬಂದರು. ಎಡಗಣ್ಣಿಗೆ ಹಿಂದಿನ ವರ್ಷವೇ ಶಸ್ತ್ರಚಿಕಿತ್ಸೆಯಾಗಿತ್ತು. ಅದಕ್ಕೆ ಮುಂಚೆ ಅವರ ಎರಡೂ ಕಣ್ಣು ಸದಾ ಸುರಿಯುತ್ತಿದ್ದವು. ‘ನಿನ್ನ ಆಪಿ ಉಪ್ಪಾಗಿದೆ’ ಎಂದು ಗಿರಾಕಿಗಳು ಹಂಗಿಸುತ್ತಿದ್ದರು. ನೆಮೆಸಿಯಾ ಅವರ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರೆ, ಎಡಗಣ್ಣಿನ ಅಂಚಿನಲ್ಲಿ ಕುಣಿಕೆ ಹೊಳೆಯುತ್ತಿದೆ.

“ಕಾಸಿಮಿರಾ! ಇದು ಇನ್ನೂ ಇಲ್ಲೇ ಇದೆಯಲ್ಲೇ! ಹನ್ನೊಂದು ತಿಂಗಳಾಯ್ತು!”

“ಮತ್ತೆಲ್ಲಿ ಹೋಗ್ಬೇಕು? ಎಡಹುರಿ ಯಾರಾದ್ರೂ ಬಿಚ್ತಾರಾ? ಅದಾಗದೇ ಸವೆದು ಬೀಳ್ಬೇಕು. ಬಿಚ್ಚಿದ್ರೆ ಕಾಯಿಲೆ ವಾಪಸ್ ಬರುತ್ತೆ ಅಂತ ನಿಂಗೊತ್ತಿಲ್ವಾ?”

“ಮೂರು ತಿಂಗಳಿಗೆ ಬಾ ಅಂತ ಚೀಟಿ ಕೊಟ್ಟಿದ್ವಲ್ಲ?”

“ಕೊಟ್ಟಿದ್ರಿ. ಬಂದ್ರೆ ಬಿಚ್ಚಿಬಿಡ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಬರ್ಲಿಲ್ಲ.”

ನೆಮೆಸಿಯಾ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಕುಣಿಕೆ ಇಟ್ಟ 611 ಮಂದಿಯ ಕಾರ್ಡುಗಳು ಕಪಾಟಿನಲ್ಲಿದ್ದವು. ಬಾರದವರನ್ನು ಇಷ್ಟು ದಿನ ಸೋಮಾರಿಗಳು, ಇಲ್ಲವೇ ಬೇರೆ ಊರಲ್ಲಿ ತೆಗೆಸಿಕೊಂಡವರು ಎಂದುಕೊಂಡಿದ್ದರು. ಮೂರು ದಿನ ಒಬ್ಬರೇ ಕುಳಿತು ಕಾರ್ಡು ತಿರುವಿದರು. ಹತ್ತೊಂಬತ್ತು. ನಾಲ್ಕನೆಯ ದಿನ ಡಾಕ್ಟರ ಬಾಗಿಲು ತಟ್ಟಿ, ತಾವು ಹೇಳುತ್ತಿದ್ದ ಮಾತನ್ನು ಹೇಳಿದರು. ಕೆಲಸ ಹೋಗುತ್ತದೆ ಎಂದುಕೊಂಡೇ ಹೋಗಿದ್ದರು.

“ನಾನು ಅರ್ಧ ಗಂಟೆ ವಿವರಿಸಿದ್ದನ್ನ ನೀವು ಒಂದು ಮಾತಲ್ಲಿ ಕೆಡಿಸಿದ್ರಿ ದೋನ್ಯಾ,” ಎಂದರು ಡಾ. ಮಾರ್ಸೆಲಾ. ಆಮೇಲೆ, “ಆ ಮಾತಿಲ್ದೆ ಇದ್ದಿದ್ರೆ ಅರ್ಧ ಜನ ಮೇಜಿನಿಂದ ಇಳಿದು ಓಡ್ತಿದ್ರು, ಅದೂ ನಿಜ. ಈಗ ಹುಡುಕಿ,” ಎಂದರು.

ಅಲ್ಲಿಂದ ಹತ್ತು ತಿಂಗಳು ನೆಮೆಸಿಯಾ ಅವರ ರಜೆಯ ದಿನಗಳೆಲ್ಲ ಬಸ್ಸಿನಲ್ಲಿ ಕಳೆದವು. ಉಪ್ಪಿನ ಬಯಲಿನ ಅಂಚಿನ ಹಳ್ಳಿಯಲ್ಲಿ ಒಬ್ಬ ಲಾಮಾ ಸಾಕುವವನು ಸಿಕ್ಕಿದ. ಪೊತೊಸಿ ದಾರಿಯ ಬಸ್ಸಿನ ಚಾಲಕನೊಬ್ಬನನ್ನು ಟಿಕೆಟು ತೆಗೆದುಕೊಂಡು ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಊಟಕ್ಕೆ ನಿಲ್ಲಿಸಿದಾಗ ಹಿಡಿದರು. ಒಬ್ಬ ಮದುಮಗಳು ದಿಬ್ಬಣದ ಮಧ್ಯೆ ಸಿಕ್ಕಿದಳು. “ನಾಡಿದ್ದು ಬರ್ತೀನಿ ಅಂದ್ಲು. ಬಂದ್ಲು, ಗಂಡನ್ನೂ ಕರ್ಕೊಂಡು. ಅವನಿಗೂ ಕಣ್ಣು ಸೋರ್ತಿತ್ತು!” ಎಂದು ನೆಮೆಸಿಯಾ ತೊಡೆ ತಟ್ಟಿಕೊಂಡು ನಗುತ್ತಾರೆ. ಹೊರಡುವಾಗಲೆಲ್ಲ ತಾವೇ ಎಡಗಡೆಗೆ ಹೊಸೆದ ಉಣ್ಣೆಯ ದಾರವೊಂದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಕಣ್ಣಿಂದ ನಳಿಕೆ ತೆಗೆದ ಮೇಲೆ ಮಣಿಕಟ್ಟಿಗೆ ಉಣ್ಣೆ ಕಟ್ಟುತ್ತಾರೆ. ನಂಬಿಕೆಯ ಜೊತೆ ಜಗಳವಿಲ್ಲ, ಜಾಗ ಬದಲಾಯಿಸಿದರಾಯಿತು.

ಈಗ ಜೇಬಿನಲ್ಲಿರುವುದು ಹತ್ತೊಂಬತ್ತನೆಯ ದಾರ.

ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿದೆ. ಕೊನೆಯ ದೆವ್ವದ ತಂಡ ಮೆಟ್ಟಿಲೇರುತ್ತಿದೆ. ಒಬ್ಬೊಬ್ಬರಾಗಿ ಮೊಣಕಾಲೂರುತ್ತಾರೆ, ಮುಖವಾಡ ಇಳಿಯುತ್ತದೆ, ಟಾರ್ಚು ಹೊತ್ತುತ್ತದೆ. ಇಲ್ಲ. ಇಲ್ಲ. ಇಲ್ಲ. ಹನ್ನೊಂದನೆಯವನು ಕೊಂಬಿನ ಮುಖವಾಡವನ್ನು ಎರಡೂ ಕೈಯಿಂದ ಎತ್ತುತ್ತಾನೆ. ಬೆವರಿಗೆ ಅಂಟಿದ ಕೂದಲು. ಎಡಗಣ್ಣಿನ ಮೂಲೆ ಕೆಂಪಗೆ ಊದಿದೆ, ರೆಪ್ಪೆಯ ಬುಡದಲ್ಲಿ ಹಳದಿ ಗೀಜು. ಆ ಗೀಜಿನ ನಡುವೆ ಒಂದು ಎಳೆ ಮಿಣಕ್ಕೆನ್ನುತ್ತದೆ.

“ದೋನ್ ಎವಾರಿಸ್ತೊ!”

ಅವನು ಬೆಚ್ಚಿ ನೋಡುತ್ತಾನೆ. ಗುರುತು ಸಿಕ್ಕಿದ್ದೇ ಮುಖ ತಿರುಗಿಸಿ, ಮೊಣಕಾಲಿನ ಮೇಲೆಯೇ ಸರಸರನೆ ಒಳಗೆ ಸಾಗುತ್ತಾನೆ. ನೆಮೆಸಿಯಾ ಹಿಂದೆ ನುಗ್ಗಿದರೆ ಬಾಗಿಲು ಕಾಯುವವನು ಅಡ್ಡ ಕೈ ಹಾಕುತ್ತಾನೆ. “ದೋನ್ಯಾ, ಈ ಸಾಲಲ್ಲಿ ನಿಂತ್ಕೊಂಡು ಹೋಗಂಗಿಲ್ಲ.” ಸರಿ, ಅವರೂ ಮೊಣಕಾಲೂರುತ್ತಾರೆ. ತಂಪು ಕಲ್ಲಿನ ಮೇಲೆ ಮುಂದೆ ಒಂದು ದೆವ್ವ, ಹಿಂದೆ ಒಬ್ಬ ದಾದಿ. ಸುತ್ತ ಎಲ್ಲರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಮಾತೆಯ ಮುಂದೆ ಅವನ ಪಕ್ಕಕ್ಕೆ ಬಂದಾಗ ಎವಾರಿಸ್ತೊ ಕಣ್ಣು ಮುಚ್ಚಿಕೊಂಡೇ ಪಿಸುಗುಡುತ್ತಾನೆ: “ಇಲ್ಲಿ ಬೇಡ ಕಣಮ್ಮಾ.”

“ನಿಮ್ಮ ಹರಕೆ ಮುಗಿಸಿ. ನಾನು ಕಾಯ್ತೀನಿ. ಒಂಬೈನೂರು ದಿನ ಕಾದಿದೀನಿ.”

ಹೊರಗೆ ಬಂದಾಗ ಆಕಾಶದ ಅಂಚು ಬೆಳ್ಳಗಾಗಿದೆ. ಎವಾರಿಸ್ತೊ ಮುಖವಾಡವನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲ ಮೇಲೆ ಕೂರುತ್ತಾನೆ. ಓಡುವ ಶಕ್ತಿ ಕಾಲಿನಲ್ಲಿ ಉಳಿದಿಲ್ಲ.

“ತೆಗೆಸಲ್ಲ,” ಎನ್ನುತ್ತಾನೆ. “ಜೂನಲ್ಲಿ ಗಣಿ ಒಳಗೆ ಮೇಲ್ಛಾವಣಿ ಕುಸೀತು. ನನ್ನ ಆಚೆ ಈಚೆ ಇದ್ದ ಇಬ್ರಿಗೂ ಕಾಲು ಮುರೀತು. ನಂಗೆ ಒಂದು ಗೀರಿಲ್ಲ. ಈ ಎಡಹುರಿ ಇತ್ತು. ನೀವೇ ಕಟ್ಟಿದ್ದು.”

“ನಾನು ಸುಳ್ಳು ಹೇಳಿದ್ದೆ ದೋನ್ ಎವಾರಿಸ್ತೊ. ನೀವು ಹೆದರಿದ್ರಿ, ಅದಕ್ಕೆ. ಅದು ರಬ್ಬರು. ಡಬ್ಬದಲ್ಲಿ ಬರುತ್ತೆ. ಈಗ ಅದೇ ನಿಮ್ಮ ಕಣ್ಣು ತಿಂತಾ ಇದೆ.”

“ಹಂಗಾದ್ರೆ ನನ್ನ ಉಳಿಸಿದ್ದು ಯಾರು?”

“ನಂಗೊತ್ತಿಲ್ಲ. ನೀವು ಮೂರು ವರ್ಷ ಕುಣಿದಿದ್ದು ಯಾರಿಗೆ? ಮಾತೆಗಾ, ರಬ್ಬರಿಗಾ?”

ಕಾಸಿಮಿರಾ ಆಪಿಯ ಲೋಟವೊಂದನ್ನು ಅವನ ಕೈಗೆ ತುರುಕಿ, ತಮ್ಮ ಮುಖವನ್ನು ಅವನ ಮುಖದ ಹತ್ತಿರ ತರುತ್ತಾರೆ. “ನೋಡಪ್ಪಾ, ಸರಿಯಾಗಿ ನೋಡು. ನಂದು ತೆಗೆಸಿ ಹತ್ತು ತಿಂಗಳು. ಕಣ್ಣು ಒಣಗಿದೆ, ಕೈಗೆ ದಾರ ಇದೆ, ವ್ಯಾಪಾರ ನಡೀತಿದೆ. ಇಷ್ಟು ದೊಡ್ಡ ಕೊಂಬಿನ ದೆವ್ವ, ಒಂದು ಕತ್ತರಿಗೆ ಹೆದರ್ತೀಯಲ್ಲೋ!”

ಪಕ್ಕದ ದೆವ್ವಗಳು ಗೊಳ್ಳೆಂದು ನಗುತ್ತವೆ. ಎವಾರಿಸ್ತೊ ಆಪಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದು ನಿಲ್ಲುತ್ತಾನೆ.

ಚಿಕಿತ್ಸಾಲಯ ಏಳು ಬೀದಿ ದೂರ. ನಡುವೆ ಇಡೀ ಚೌಕದ ತುಂಬ ವಾದ್ಯದವರು. ಗುಡ್ಡದ ಮೇಲೆ ಸೂರ್ಯನ ಮೊದಲ ಗೆರೆ ಕಾಣಿಸಿದ್ದೇ ಎಲ್ಲ ತುತ್ತೂರಿಗಳೂ ಒಟ್ಟಿಗೆ ಮೊರೆಯುತ್ತವೆ. ಆ ಸದ್ದಿನ ನಡುವೆ ನೆಮೆಸಿಯಾ ಎವಾರಿಸ್ತೊವಿನ ಜರಿಯ ತೋಳನ್ನು ಬಿಗಿಯಾಗಿ ಹಿಡಿದು, ಡೋಲುಗಳ ಸಂದಿಯಲ್ಲಿ ನುಸುಳಿಕೊಂಡು ನಡೆಯುತ್ತಾರೆ. “ಹಿಡ್ಕೊಂಡು ಹೋಗು ಅತ್ತಿಗೆ, ಬಿಡಬೇಡ!” ಎಂದು ಯಾರೋ ಕೂಗುತ್ತಾರೆ. ಬಿಡುವ ಪ್ರಶ್ನೆಯೇ ಇಲ್ಲ.

ಡಾ. ಮಾರ್ಸೆಲಾ ಕಾರ್ನಿವಾಲಿನ ಗಾಯಾಳುಗಳಿಗೆಂದು ತೆರೆದಿಟ್ಟ ಕೋಣೆಯಲ್ಲಿದ್ದಾರೆ. ಬಾಗಿಲಲ್ಲಿ ದೆವ್ವವನ್ನು ಕಂಡು, “ಹತ್ತೊಂಬತ್ತಾ?” ಎಂದಷ್ಟೇ ಕೇಳುತ್ತಾರೆ. ಕಣ್ಣು ಮರಗಟ್ಟಿಸುವ ಎರಡು ಹನಿ ಔಷಧ. ನೆಮೆಸಿಯಾ ಕೊಕ್ಕೆಯಿಂದ ಕುಣಿಕೆಯನ್ನು ಎತ್ತಿ ಹಿಡಿಯುತ್ತಾರೆ, ಎರಡೂವರೆ ವರ್ಷದ ಹಿಂದೆ ಹಿಡಿದ ಅದೇ ಬೆರಳು. ಚಟ್ ಎಂದು ಕತ್ತರಿ. ಮೂಗಿನೊಳಗಿಂದ ಇಕ್ಕಳದಲ್ಲಿ ಗಂಟು ಹಿಡಿದು ಡಾಕ್ಟರು ಎಳೆಯುತ್ತಾರೆ. ಎವಾರಿಸ್ತೊ ಒಮ್ಮೆ ಸೀನುತ್ತಾನೆ. ಸ್ಟೀಲಿನ ತಟ್ಟೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಗೇಣುದ್ದದ ಎಳೆ. ಕೆಳ ರೆಪ್ಪೆಯ ರಂಧ್ರ ಎರಡು ಮಿಲಿಮೀಟರಿನಷ್ಟು ಸೀಳಿದೆ. ಮೂಗಿನೊಳಗೆ, ಕಿಂಡಿ ಇರಬೇಕಾದ ಜಾಗದಲ್ಲಿ, ಕೆಂಪು ಮಾಂಸದ ಗುಬಟು.

“ಮುಚ್ಚಿದೆಯಾ?” ನೆಮೆಸಿಯಾ ಕೇಳುತ್ತಾರೆ. ಡಾಕ್ಟರು ಗುಬಟನ್ನು ಮೆಲ್ಲಗೆ ಸವರಿ ತೆಗೆದು, ಕಣ್ಣಿಗೆ ಒಂದು ಹನಿ ಹಳದಿ ಬಣ್ಣ ಬಿಟ್ಟು, ಎಂಡೋಸ್ಕೋಪನ್ನು ಮೂಗಿನೊಳಗೆ ಹಿಡಿದು ನಿಲ್ಲುತ್ತಾರೆ. ದಾರಿ ಮುಚ್ಚಿದ್ದರೆ ಬಣ್ಣ ಕೆನ್ನೆಗೆ ಹರಿಯುತ್ತದೆ, ಎವಾರಿಸ್ತೊ ಮತ್ತೆ ಮೇಜಿನ ಮೇಲೆ ಮಲಗಬೇಕು. ತೆರೆದಿದ್ದರೆ ಮೂಗಿಗೆ ಇಳಿಯುತ್ತದೆ. ಹತ್ತು ಸೆಕೆಂಡು. ಇಪ್ಪತ್ತು. ಹೊರಗೆ ಡೋಲು. ಪರದೆ ಬರೀ ಕೆಂಪು. ನೆಮೆಸಿಯಾ ತುಟಿ ಕಚ್ಚಿಕೊಂಡಿದ್ದಾರೆ.

ಗುಬಟಿದ್ದ ಜಾಗದ ಹಿಂದಿನಿಂದ ಒಂದು ಹಳದಿ ಹನಿ ಇಣುಕುತ್ತದೆ, ತಡೆಯುತ್ತದೆ, ಜಾರಿ ಇಳಿಯುತ್ತದೆ.

“ಬಂತು! ಬಂತು!”

ಈ ಸಲ ಡಾಕ್ಟರೂ ಕೂಗುತ್ತಾರೆ. ಏನು ಬಂತೆಂದು ತಿಳಿಯದೆ ಎವಾರಿಸ್ತೊ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. “ನಿಮ್ಮ ಕಣ್ಣೀರಿಗೆ ದಾರಿ ಸಿಕ್ತು ಕಣಪ್ಪಾ,” ಎನ್ನುತ್ತಾ ನೆಮೆಸಿಯಾ ಜೇಬಿನಿಂದ ದಾರ ತೆಗೆದು ಅವನ ಮಣಿಕಟ್ಟಿಗೆ ಕಟ್ಟುತ್ತಾರೆ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಹತ್ತು ದಿನದ ಔಷಧಿಯ ಚೀಟಿ ಅವನ ಸೊಂಟಪಟ್ಟಿಯೊಳಗೆ ಸೇರುತ್ತದೆ. ಈಗ ಮೇಜಿಗೆ ಬರುವವರಿಗೆ ನೆಮೆಸಿಯಾ ಬೇರೆ ಮಾತು ಹೇಳುತ್ತಾರೆ: “ಇದು ಮನೆ ಕಟ್ಟೋವಾಗ ಕೊಡೋ ಸಾರುವೆ ಇದ್ದಂಗೆ. ಗೋಡೆ ಗಟ್ಟಿಯಾದ್ಮೇಲೆ ಬಿಚ್ಚಲೇಬೇಕು.” ಹೋದ ಏಪ್ರಿಲಿನಿಂದ ಈಚೆಗೆ ಇಟ್ಟ ಕುಣಿಕೆಗಳಲ್ಲಿ ದಿನ ತಪ್ಪಿಸಿದ್ದು ಒಂದೂ ಇಲ್ಲ.

ತಟ್ಟೆ, ಕತ್ತರಿ, ಇಕ್ಕಳ ತೊಳೆದು ಅವರು ಹೊರಬರುವಾಗ ಎಂಟು ಗಂಟೆ. ಬೀದಿಯಲ್ಲಿ ಭಾನುವಾರದ ಕುಣಿತಕ್ಕೆ ತಂಡಗಳು ಸಜ್ಜಾಗುತ್ತಿವೆ. ಮನೆಗೆ ಹೋಗಿ ಮಲಗುವುದಿಲ್ಲವೇ ಎಂದರೆ ತಲೆಯಾಡಿಸಿ ಪಾದಚಾರಿ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾರೆ.

“ಈ ಸಲದ ಕಾರ್ನಿವಾಲಲ್ಲಿ ಬರೀ ಕಣ್ಣು ನೋಡಿದೀನಿ,” ಎನ್ನುತ್ತಾರೆ. “ಇವತ್ತೊಂದು ದಿನ ಕಾಲು ನೋಡ್ತೀನಿ. ಚೆನ್ನಾಗಿ ಕುಣೀತಾರಂತೆ.”